ಪೌಡರ್ ಒರೆಸಿದ ಮುಖ

"ಪೌಡರ್ ಒರಸ್ರಿ ಮೊದಲ! ಯಾಂವ ಹೇಳ್ಯಾನ ನಿಮಗ, ಇದಕ್ಕ ಪೌಡರ್ ಬಡೀರಿ ಅಂತ?"

ಯೋಗಿರಾಜ ಹೊಸ್ತಿಲಲ್ಲಿ ನಿಂತು ಕೂಗಿದ ರಭಸಕ್ಕೆ ಒಳಗೆ ಬೀಡಿ ಕಟ್ಟುತ್ತ ಕೂತಿದ್ದ ಭಾಗಾಬಾಯಿಯ ಕೈಯಿಂದ ಎಲೆಯೊಂದು ಜಾರಿ ಬಿತ್ತು. ನಲವತ್ತು ವರ್ಷ ಬೀಡಿ ಕಟ್ಟಿದ ಕೈ ಅದು. ಮಗ ಹುಟ್ಟುವ ದಿನ ಹೊಟ್ಟೆನೋವು ಬಂದಾಗಲೂ ತಾನು ಎಲೆ ಜಾರಿಸಿರಲಿಲ್ಲ ಎಂದು ಅವಳು ಹೇಳಿಕೊಳ್ಳುತ್ತಿದ್ದಳು. ಅದರಲ್ಲಿ ಅರ್ಧ ಸುಳ್ಳು.

ಪೌಡರ್ ಬಡಿಸಿಕೊಂಡವಳು ಅವಳ ಮೊಮ್ಮಗಳು ಸಪನಾ. ಒಂಬತ್ತು ವರ್ಷ, ನಾಲ್ಕನೇ ಇಯತ್ತೆ. ಫೋಟೋ ತೆಗೆಯುವವರು ಬರುತ್ತಾರೆ ಎಂದು ಭಾಗಾಬಾಯಿ ಆ ದಿನ ಬೆಳಗ್ಗೆಯೇ ಎದ್ದು ಹುಡುಗಿಯ ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಒಂದು ಜಡೆ ಹೆಣೆದು, ಗೇಣುದ್ದ ಇಳಿಬಿಟ್ಟು ಕೆಂಪು ರಿಬ್ಬನ್ ಕಟ್ಟಿದ್ದಳು. ಯಾರದೋ ಮದುವೆಗೆಂದು ಹೊಲಿಸಿದ ಹಳದಿ ಫ್ರಾಕು ಹಾಕಿದ್ದಳು. ಕೊನೆಗೆ ಡಬ್ಬಿಯಲ್ಲಿದ್ದ ಪೌಡರಿನ ಕಾಲು ಭಾಗವನ್ನು ಅವಳ ಮುಖಕ್ಕೇ ಸುರಿದಿದ್ದಳು. ಹುಡುಗಿ ಹಿಟ್ಟಿನ ಗಿರಣಿಯಿಂದ ಆಗಷ್ಟೇ ಹೊರಗೆ ಬಂದವಳಂತೆ ಕಾಣುತ್ತಿದ್ದಳು ಅನ್ನುವುದೇನೋ ನಿಜ. ಆದರೆ ಕನ್ನಡಿಯಲ್ಲಿ ಐದು ಸಲ ನೋಡಿಕೊಂಡಿದ್ದಳು.

ಯೋಗಿರಾಜ ಅಕ್ಕಲಕೋಟದ ಕಡೆಯವನು, ಸೊಲ್ಲಾಪುರದ ಒಂದು ಸೇವಾ ಸಂಸ್ಥೆಯಲ್ಲಿ ಫೀಲ್ಡ್ ಆಫೀಸರು. ಸಂಸ್ಥೆಗೆ ಉದ್ದನೆಯ ಸಂಸ್ಕೃತದ ಹೆಸರಿತ್ತು. ಅದು ಯಾರ ನಾಲಿಗೆಗೂ ಹತ್ತಲಿಲ್ಲ. ಅದರ ಗುರುತು ಒಂದು ಉರಿಯುವ ದೀಪ, ಹಾಗಾಗಿ ಭಾಗಾಬಾಯಿಯ ವಸ್ತಿಯ, ಅಂದರೆ ಆ ಬಡ ಕೇರಿಯ, ಬಾಯಲ್ಲಿ ಅದು ದೀಪದ ಸಂಸ್ಥೆ. ವಸ್ತಿಯ ಹದಿನಾಲ್ಕು ಮಕ್ಕಳಿಗೆ ಶಾಲೆಯ ಬ್ಯಾಗು ಕೊಡುತ್ತೇವೆ, ಮೊದಲು ಫೋಟೋ ಆಗಬೇಕು ಎಂದಿದ್ದರು.

"ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ," ಎಂದ ಯೋಗಿರಾಜ.

"ಹಿಟ್ಟ ಅದರಿ ಸಾಹೇಬ್ರ," ಎಂದಳು ಭಾಗಾಬಾಯಿ. "ಡಬ್ಬಿ ತಗದ ತೋರಸ್ಲೇನ?"

"ಏ, ಡಬ್ಬಿ ಮುಚ್ಚಿಡ್ರಿ! ಹಿಟ್ಟಿನ ಡಬ್ಬಿ, ಟೀವಿ, ಮಿಕ್ಸರ್, ಏನೂ ಫೋಟೋದಾಗ ಕಾಣಬಾರ್ದು."

ಅಷ್ಟರಲ್ಲಿ ಅವನ ಜೊತೆ ಬಂದಿದ್ದ ಫೋಟೋಗ್ರಾಫರ್ ಕುನಾಲ ಒಂದು ಫೋಟೋ ಹೊಡೆದೇಬಿಟ್ಟಿದ್ದ. ಪುಣೆಯ ಹುಡುಗ, ಕನ್ನಡ ಬಾರದು. "ಛಾನ್!" ಎಂದು ಕ್ಯಾಮೆರಾದ ಪುಟ್ಟ ಪರದೆಯನ್ನು ಸಪನಾಳಿಗೆ ತೋರಿಸಿದ. ಹಳದಿ ಫ್ರಾಕಿನ ಹುಡುಗಿ ಅಲ್ಲಿ ಹಲ್ಲು ಕಿರಿದುಕೊಂಡು ನಿಂತಿದ್ದಳು. ಯೋಗಿರಾಜ ಇಣುಕಿ ನೋಡಿ ಹಣೆ ಚಚ್ಚಿಕೊಂಡ.

"ಇದೇನ್ ವಾಢದಿವಸೇನೋ ಮಾರಾಯಾ, ಕೇಕ್ ಕತ್ತರಸ್ತೀಯೇನ? ಈ ಮಾರಿ ನೋಡಿ ಯಾವ ಶೇಠ ಕಿಸೆದಾಗ ಕೈ ಹಾಕ್ತಾನ?"

ಆಮೇಲೆ ಬಿಚ್ಚುವ ಕೆಲಸ ಶುರುವಾಯಿತು. ಪೌಡರ್ ಹೋಯಿತು. ಫ್ರಾಕು ಹೋಯಿತು. ನೆಲ ಒರೆಸುವ ಬಟ್ಟೆಯಾಗಿ ಮೂಲೆಯಲ್ಲಿ ಬಿದ್ದಿದ್ದ ಅವಳಪ್ಪನ ಹರಕು ಬನಿಯನ್ನು ಯೋಗಿರಾಜನ ಕಣ್ಣಿಗೆ ಬಿತ್ತು. "ಇದ ಛಲೋ ಅದ" ಎಂದು ಅದನ್ನೇ ಹಾಕಿಸಿದ. ತವೆಯ ಮಸಿಯನ್ನು ಎರಡು ಬೆರಳಲ್ಲಿ ತೆಗೆದು ಕೆನ್ನೆಗೆ ಎಳೆದ.

"ಚಪ್ಪಲ್ ಬಿಡು," ಎಂದ ಕೊನೆಗೆ.

ಆ ಮಾತಿಗೆ ಭಾಗಾಬಾಯಿಯ ಕೈ ನಿಂತಿತು. ತನ್ನೂರು ಚಪಳಗಾಂವದಲ್ಲಿ ಅವಳು ಇದೇ ವಯಸ್ಸಿನ ಹುಡುಗಿಯಾಗಿದ್ದಾಗ ಪಾಟೀಲರ ವಾಡೆಯ ಮುಂದೆ ಹಾಯುವಾಗ ಅಪ್ಪ ಚಪ್ಪಲಿ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ. ಒಮ್ಮೆ ಮರೆತು ಹೆಜ್ಜೆ ಇಟ್ಟಿದ್ದಕ್ಕೆ ಕಟ್ಟೆಯ ಮೇಲಿಂದ ಬಂದ ಮಾತೂ ಇದೇ ಎರಡು ಶಬ್ದ. ಬೈಯಬೇಕೆಂದು ಅವಳ ಬಾಯಿ ತೆರೆಯಿತು. ಬ್ಯಾಗು ನೆನಪಾಯಿತು, ಮುಚ್ಚಿತು. ಸಪನಾ ಎರಡು ವರ್ಷದಿಂದ ಪುಸ್ತಕಗಳನ್ನು ಅಕ್ಕಿಯ ಚೀಲದಲ್ಲಿ ಒಯ್ಯುತ್ತಿದ್ದಳು.

"ನಗಬ್ಯಾಡ. ಹಸಿವಿ ಆಗ್ಯಾದ ಅಂತ ತಿಳ್ಕೊ," ಎಂದ ಯೋಗಿರಾಜ.

"ಈಗ ಪೋಹೆ ತಿಂದೀನ್ರಿ," ಎಂದಳು ಸಪನಾ.

"ಹಂಗಾದ್ರ ನಿಮ್ಮ ಆಜಿ ಸತ್ತಾಳ ಅಂತ ತಿಳ್ಕೊ."

ಸಪನಾ ಆಜಿಯ ಕಡೆ ನೋಡಿದಳು. ಆಜಿ ಬಾಯ ತುಂಬ ತಂಬಾಕು ಇಟ್ಟುಕೊಂಡು ಜೀವಂತವಾಗಿ ಕೂತಿದ್ದಳು. ಹುಡುಗಿಗೆ ನಗು ತಡೆಯಲಾಗಲಿಲ್ಲ, ಆಜಿಗೂ. ಯೋಗಿರಾಜನ ಮುಖ ಕೆಂಪಗಾಯಿತು. ಚಟ್ಟನೆ ಕೈಹಾಕಿ ಜಡೆಯಿಂದ ರಿಬ್ಬನ್ ಎಳೆದು ತನ್ನ ಕಿಸೆಗೆ ತುರುಕಿದ.

"ಹೋಗು, ಇದನ್ನ ಕೊಡೂದಿಲ್ಲ."

ಸಪನಾಳ ಕಣ್ಣು ತುಂಬಿತು. "ಘೇ, ಘೇ!" ಎಂದು ಯೋಗಿರಾಜ ಫೋಟೋ ಹೊಡೆಯಲು ಅವಸರ ಮಾಡಿದ. ಕುನಾಲ ಕ್ಯಾಮೆರಾ ಕ್ಲಿಕ್ಕಿಸಿದ.

ತಾವು ತಂದು ಮೂಲೆಯಲ್ಲಿಟ್ಟಿದ್ದ ಒಂದು ನೀಲಿ ಬ್ಯಾಗನ್ನು ಸಪನಾಳ ಕೈಗೆ ಕೊಟ್ಟು ಇನ್ನೊಂದು ಫೋಟೋ ತೆಗೆದರು. ಆಮೇಲೆ ಬ್ಯಾಗನ್ನು ಕಿತ್ತುಕೊಂಡು ಪಕ್ಕದ ಮನೆಗೆ ಹೋದರು. ಆ ದಿನ ಬ್ಯಾಗು ಒಂದೇ ಇತ್ತು, ಮಕ್ಕಳು ಹದಿನಾಲ್ಕು. ಎಲ್ಲರಿಗೂ ಸಮಾರಂಭದಲ್ಲಿ ಕೊಡುತ್ತಾರಂತೆ. ಹೋಗುವ ಮೊದಲು ಒಂದು ಇಂಗ್ಲಿಷ್ ಕಾಗದ ಮುಂದೆ ಹಿಡಿದರು.

"ನನಗ ಸಹಿ ಮಾಡಾಕ ಬರ್ತದರಿ," ಎಂದಳು ಭಾಗಾಬಾಯಿ. ವಯಸ್ಕರ ಸಾಲೆಯಲ್ಲಿ ಕಲಿತದ್ದು, ಅದರ ಬಗ್ಗೆ ಅವಳಿಗೆ ಜಂಬವಿತ್ತು.

"ಅಂಗಠಾ ಒತ್ತು ಬಾಯಿ. ಅಂಗಠಾನೇ ಛಲೋ ಕಾಣ್ತದ," ಎಂದ ಯೋಗಿರಾಜ. ಕುನಾಲ ಅವಳ ಮಸಿ ಹತ್ತಿದ ಹೆಬ್ಬೆಟ್ಟಿನದೂ ಒಂದು ಫೋಟೋ ತೆಗೆದ.

ರಿಬ್ಬನ್ ಯೋಗಿರಾಜನ ಕಿಸೆಯಲ್ಲೇ ಹೋಯಿತು.

*

ಸೊಲ್ಲಾಪುರದಲ್ಲಿ ಬೋರ್ಡು ತಿಳಿಯಲು ಅಕ್ಷರ ಬೇಕಿಲ್ಲ. ಬಣ್ಣದ ಫೋಟೋ, ಕಪ್ಪು ಕನ್ನಡಕ, ಕಿವಿಗೆ ಮೊಬೈಲು, ಕೆಳಗೆ ಸಾಲಾಗಿ ಇಪ್ಪತ್ತು ಮಂದಿಯ ಸಣ್ಣ ಸಣ್ಣ ತಲೆಗಳು ಇದ್ದರೆ ಯಾವನೋ ಪುಢಾರಿಯ ಹುಟ್ಟಿದ ದಿನ. ಕಪ್ಪು ಬಿಳುಪು ಫೋಟೋ, ಮೂಲೆಯಲ್ಲಿ ಉರಿಯುವ ದೀಪ, ಕೆಳಗೆ ಎರಡು ತಾರೀಖು ಇದ್ದರೆ ಯಾರೋ ಹೋದರು. ಹಾಲು ಕುಡಿಯುವ ಮಗುವಿಗೂ ಈ ಲೆಕ್ಕ ಗೊತ್ತು. ಗೊತ್ತಿಲ್ಲದ್ದು ಪುಣೆಯಲ್ಲಿ ಕೂತು ಬೋರ್ಡಿನ ನಕ್ಷೆ ಮಾಡಿದವರಿಗೆ ಮಾತ್ರ.

ತಿಂಗಳ ಮೇಲೆ ಒಂದು ಮಂಗಳವಾರ ಭಾಗಾಬಾಯಿಯ ತಂಗಿ ಶಾರದಾಬಾಯಿ ಮಂಗಳವೇಢೆಯಿಂದ ಎಸ್.ಟಿ. ಹತ್ತಿ ಕಣ್ಣಿನ ಡಾಕ್ಟರಿಗೆ ತೋರಿಸಲು ಬಂದಳು. ಬಸ್ಸು ಸ್ಟ್ಯಾಂಡಿಗೆ ತಿರುಗುವಾಗ ಅವಳ ಆ ಅರೆಬರೆ ಕಣ್ಣಿಗೆ ಎದುರಿನ ಕಂಬದ ಮೇಲೆ ಮನೆಯೆತ್ತರದ ಬೋರ್ಡು ಕಂಡಿತು. ಕಪ್ಪು ಬಿಳುಪು. ಮೂಲೆಯಲ್ಲಿ ದೀಪ. ಕೆಳಗೆ ಎರಡು ತಾರೀಖು. ನಡುವೆ ಅಕ್ಕನ ಮೊಮ್ಮಗಳು ಸಪನಾ.

ಶಾರದಾಬಾಯಿ ಬಸ್ಸಿನಲ್ಲೇ ಎದೆ ಬಡಿದುಕೊಂಡಳು. ಕಂಡಕ್ಟರ್ ನೀರು ಕೊಟ್ಟ. ಯಾರದೋ ಮೊಬೈಲಿನಿಂದ ಚಪಳಗಾಂವಕ್ಕೆ ಸುದ್ದಿ ಮುಟ್ಟಿತು. ಅಲ್ಲಿ ಭಾಗಾಬಾಯಿಯ ಮೈದುನ ಧೂಳಪ್ಪ ಒಂದು ಟೆಂಪೋ ಹಿಡಿದು, ಹದಿನೆಂಟು ಮಂದಿಯನ್ನು ತುಂಬಿಕೊಂಡು, ದಾರಿಯಲ್ಲಿ ಒಂದು ಹೂವಿನ ಹಾರವನ್ನೂ ಕೊಂಡು ಹೊರಟ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಲ್ಲ, ಹಾಗಾಗಿ ಹೆಂಗಸರು ಅವಸರದಲ್ಲಿ ರೊಟ್ಟಿ ಬಡಿದು, ಝುಣಕ ಮಾಡಿ ಬುಟ್ಟಿಯಲ್ಲಿ ಕಟ್ಟಿಕೊಂಡರು.

ಸ್ಟ್ಯಾಂಡಿನಲ್ಲಿ ಕಾದು ಕೂತಿದ್ದ ಶಾರದಾಬಾಯಿಯನ್ನೂ ಹತ್ತಿಸಿಕೊಂಡು ಬಂದ ಟೆಂಪೋ ವಸ್ತಿಯ ಬಾಯಲ್ಲಿ ನಿಂತು, ಹೆಂಗಸರು ಒಟ್ಟಿಗೇ ದನಿ ತೆಗೆದಾಗ ಸಪನಾ ನಲ್ಲಿಯ ಕಟ್ಟೆಯ ಹತ್ತಿರ ಕುಂಟೆಬಿಲ್ಲೆ ಆಡುತ್ತಿದ್ದಳು. ಇಷ್ಟೊಂದು ಬಳಗ ಅಳುವುದನ್ನು ಕಂಡು ಹೆದರಿ ತಾನೂ ಅಳುತ್ತ ಓಡಿ ಬಂದು ಶಾರದಾಬಾಯಿಯ ಸೊಂಟ ತಬ್ಬಿದಳು.

"ಯಾರ ಸತ್ರು ಆಜಿ? ಯಾರ ಸತ್ರು?"

"ನಮ್ಮ ಸಪನಾ ಸತ್ತಳವ್ವಾ..." ಎಂದು ರಾಗ ಎಳೆದ ಶಾರದಾಬಾಯಿ ಕೆಳಗೆ ನೋಡಿದಳು. ರಾಗ ಅಲ್ಲೇ ನಿಂತಿತು. ಹುಡುಗಿಯ ಕೆನ್ನೆ ಚಿವುಟಿದಳು, ಕಾಲು ಹಿಂದೆ ತಿರುಗಿದೆಯೋ ಎಂದು ನೋಡಿದಳು, ಕೊನೆಗೆ ಬೆನ್ನಿಗೆ ಒಂದು ಗುದ್ದಿದಳು. "ಮುರದಾರ! ಜೀವಂತ ಇದ್ದಕ್ಕಿ ಬೋರ್ಡಿನ ಮ್ಯಾಲ ಯಾಕ ಹತ್ತಿದ್ಯ?"

ಬೈಗುಳ, ನಗು, ಕಣ್ಣೀರು ಮೂರೂ ಒಂದಾದವು. ಬುಟ್ಟಿ ಬಿಚ್ಚಲಾಯಿತು. ಎಲ್ಲರಿಗಿಂತ ಮೊದಲು ಎರಡು ರೊಟ್ಟಿ ತಿಂದವಳು ಸತ್ತವಳೇ. ಧೂಳಪ್ಪ ಮಾತ್ರ ಹಾರ ಹಿಡಿದುಕೊಂಡು ನಿಂತಿದ್ದ.

"ವೈನಿ, ಇದನ್ನ ಏನ್ ಮಾಡ್ಲಿ? ತಿರಗಿ ತಗೊಳ್ಳೂದಿಲ್ಲ ಅಂದಾನ ಹೂವಿನಾಂವ."

ಸಂಜೆ ಸಪನಾಳ ಅವ್ವ ಕಾಂಚನ ಟಾವೆಲ್ ಕಾರ್ಖಾನೆಯ ಪಾಳಿ ಮುಗಿಸಿ ಬಂದ ಮೇಲೆ ಎಲ್ಲರೂ ಬೋರ್ಡು ನೋಡಲು ಹೋದರು. ಕಾಂಚನ ಹತ್ತನೇ ಇಯತ್ತೆಯವರೆಗೆ ಮರಾಠಿಯಲ್ಲಿ ಓದಿದವಳು. ತಾರೀಖುಗಳು ದೇಣಿಗೆ ಕೊಡುವ ವಾರದವು, ಸಾವಿನವಲ್ಲ. ಅವಳು ಉಳಿದದ್ದನ್ನೂ ಓದಿದಳು, ಇನ್ನೊಮ್ಮೆ ಓದಿದಳು, ಆಮೇಲೆ ವಿಚಿತ್ರವಾಗಿ ನಕ್ಕಳು.

"ಏನ್ ಬರದಾರ?" ಎಂದು ಕೇಳಿದಳು ಭಾಗಾಬಾಯಿ.

"'ಈಕಿಗಿ ತಾಯಿ ಇಲ್ಲ, ತಂದಿ ಇಲ್ಲ. ನೀವರ ಇದ್ದೀರೇನು?' ಅಂತ ಬರದಾರ. ಹುಡುಗಿ ಸತ್ತಿಲ್ಲ ಅತ್ತಿ. ಸತ್ತಾವ್ರು ನಾವು, ನಾ ಮತ್ತ ನಿಮ್ಮ ಮಗಾ."

ಶಾರದಾಬಾಯಿ ಮತ್ತೆ ದನಿ ತೆಗೆದಳು. ಒಂದೇ ದಿನದಲ್ಲಿ ಮೂರು ಸಾವು ಅವಳ ಕೈಲಿ ತಾಳಲಾಗಲಿಲ್ಲ.

ನಗು ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮರುದಿನ ಸಪನಾ ಶಾಲೆಯಿಂದ ಅರ್ಧಕ್ಕೇ ಬಂದಳು. ಹುಡುಗರು "ಭೂತ, ಭೂತ" ಎಂದಿದ್ದರಂತೆ. ಮಾಸ್ತರು ಮೊಬೈಲಿನಲ್ಲಿ ಆ ಫೋಟೋ ತೋರಿಸಿ "ಬಾಳಾ, ಖರೇನ ಊಟ ಸಿಗೂದಿಲ್ಲೇನ?" ಎಂದು ಇಡೀ ವರ್ಗದ ಮುಂದೆ ಕೇಳಿದ್ದರಂತೆ. ಮಾರನೇ ದಿನ ಹೋಗಲಿಲ್ಲ. ಅದರ ಮಾರನೇ ದಿನವೂ ಹೋಗಲಿಲ್ಲ. ಪೌಡರ್ ಡಬ್ಬಿಯನ್ನು ಮುಟ್ಟಲೂ ಇಲ್ಲ. ಕನ್ನಡಿಯ ಮುಂದೆ ಕೂತು ಒಮ್ಮೆ ಕೇಳಿದಳು.

"ಆಜಿ, ನಾ ಖರೇನ ಹಂಗ ಕಾಣ್ತೀನೇನ?"

ಭಾಗಾಬಾಯಿ ಬೀಡಿಯ ಮೊರ ಬದಿಗಿಟ್ಟಳು. ಗೋಡೆಯ ಮೇಲೆ ನೀಲಿ ಸೂಟಿನ ಬಾಬಾಸಾಹೇಬರ ಫೋಟೋ ಇತ್ತು. ಟೈ, ಪೆನ್ನು, ಕನ್ನಡಕ, ಕೈಯಲ್ಲಿ ಪುಸ್ತಕ.

"ಅಲ್ಲಿ ನೋಡು. ಚಾಳದಾಗ ಬೆಳದಾವ್ರು ಅವರೂ. ಒಂದರ ಫೋಟೋದಾಗ ಹರಕ ಬನಿಯನ್ ಹಾಕ್ಕೊಂಡಾರೇನ? ಆ ಬೋರ್ಡ ಇಳಸಿ ನಿನ್ನ ಸಾಲಿಗಿ ಕಳಸ್ಲಿಲ್ಲಂದ್ರ ನಾ ಭಾಗಾಬಾಯಿ ಅಲ್ಲ."

*

ದೀಪದ ಸಂಸ್ಥೆಯ ಕಚೇರಿಯಲ್ಲಿ ಅಧ್ಯಕ್ಷ ಲಕ್ಷ್ಮೀಕಾಂತ ಸರ್ ಕುರ್ಚಿಯಲ್ಲಿ ಕೂತಿದ್ದರು. ಭಾಗಾಬಾಯಿಯೂ ಕಾಂಚನಳೂ ನಿಂತಿದ್ದರು. ಎರಡು ಕುರ್ಚಿ ಖಾಲಿ ಇದ್ದವು. ಯೋಗಿರಾಜ ಒಂದು ಫೈಲು ತಂದು ಮೇಜಿನ ಮೇಲಿಟ್ಟ. ಹದಿನಾಲ್ಕು ಹೆಬ್ಬೆಟ್ಟಿನ ಕಾಗದಗಳನ್ನು ಒಟ್ಟುಗೂಡಿಸಿ ಕಟ್ಟಿದ್ದು ಸಪನಾಳ ಕೆಂಪು ರಿಬ್ಬನ್ನಿನಿಂದ. ಭಾಗಾಬಾಯಿಯ ಕಣ್ಣು ಅಲ್ಲೇ ನೆಟ್ಟಿತು.

"ಅಂಗಠಾ ನಿಮ್ಮದ ಹೌದಲ್ರಿ?" ಎಂದರು ಲಕ್ಷ್ಮೀಕಾಂತ ಸರ್, ಸಿಹಿಯಾಗಿ. "ಫೋಟೋ ಈಗ ಸಂಸ್ಥಾದ್ದು. ಬೋರ್ಡ್ ಇಳಸಾಕ ಬರೂದಿಲ್ಲ. ಆ ಒಂದು ಮಾರಿಯಿಂದ ಇನ್ನೂರು ಬ್ಯಾಗ್ ಬಂದಾವ. ಇನ್ನೂರು ಮಕ್ಕಳ ಹೊಟ್ಟಿ ಮ್ಯಾಲ ಹೊಡೀತೀರೇನು?"

"ನನ್ನ ಮಗಳು ಅನಾಥ ಅಲ್ಲರಿ," ಎಂದಳು ಕಾಂಚನ. "ನಾ ಇಲ್ಲೇ ನಿಂತೀನಿ."

"ಅದ ನಮಗೂ ಗೊತ್ತದ ತಾಯಿ. ಆದ್ರ ತಾಯಿ ತಂದಿ ಇಬ್ಬರೂ ದುಡೀತಾರ ಅಂತ ಬರದ್ರ ಯಾರ ಕೊಡ್ತಾರ? ನೋಡ್ರಿ, ಆಯ್ತವಾರ ಅಕ್ಕಲಕೋಟದಾಗ ಸಮಾರಂಭ ಅದ. ಮುಂಬೈ, ಪುಣೆಯಿಂದ ದೊಡ್ಡ ಮಂದಿ ಸ್ವಾಮಿಗಳ ದರ್ಶನ ಮುಗಿಸಿ ಬರಾವ್ರದಾರ. ಸಪನಾನ್ನ ಕರ್ಕೊಂಡ ಬರ್ರಿ, ವೇದಿಕಿ ಮ್ಯಾಲ ಬ್ಯಾಗ್ ಕೊಡ್ತೀವಿ. ನೀವ ಹಿಂದ ಕುಂದರ್ರಿ. ಯಾರರ ಕೇಳಿದ್ರ ಬಾಜೂ ಮನಿಯವ್ರು ಅನ್ರಿ."

ಒಂಬತ್ತು ತಿಂಗಳು ಹೊತ್ತವಳಿಗೆ ಬಾಜೂ ಮನೆಯವಳಾಗುವ ಯೋಗ ಬಂದಿತ್ತು.

"ಮತ್ತ ಹೊಸಾ ಸೀರಿ ಉಟ್ಕೊಂಡ ಬರಬ್ಯಾಡ್ರಿ," ಎಂದು ಸೇರಿಸಿದ ಯೋಗಿರಾಜ. "ಗದ್ದಲಾ ಮಾಡಿದ್ರಿ ಅಂದ್ರ ನಿಮ್ಮ ವಸ್ತಿ ಹದಿನಾಲ್ಕೂ ಹುಡುಗ್ರ ಬ್ಯಾಗ್ ಕಟ್. ತಿಳೀತಿಲ್ಲೋ?"

ವಸ್ತಿಗೆ ಸುದ್ದಿ ಇವರಿಗಿಂತ ಮೊದಲೇ ಮುಟ್ಟಿತ್ತು. ಪಕ್ಕದ ಮನೆಯ ರೂಪಾಲಿ ದಾರಿಗಡ್ಡ ನಿಂತಳು. ಅವಳ ಇಬ್ಬರು ಮಕ್ಕಳ ಹೆಸರೂ ಬ್ಯಾಗಿನ ಪಟ್ಟಿಯಲ್ಲಿದ್ದವು.

"ಕಾಕು, ನಿಮ್ಮ ಮೊಮ್ಮಗಳ ಮಾರಿ ಸಲುವಾಗಿ ನಮ್ಮ ಹುಡುಗ್ರ ಬ್ಯಾಗ್ ಕಳೀಬ್ಯಾಡ್ರಿ. ಬ್ಯಾಗ್ ಕೈಯಾಗ ಬಂದ ಮ್ಯಾಲ ಬೇಕಾದ್ರ ಆ ಭಾಡಕೋಗಳ್ನ ಒದೀರಿ, ನಾನೂ ಬರ್ತೀನಿ."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಭಾಗಾಬಾಯಿಗೆ ಅದೇ ಸಂಕಟ. ರಾತ್ರಿ ಮಗ ಭಗವಂತ ತಾನು ಬಾಡಿಗೆಗೆ ಓಡಿಸುವ ಟಮ್‌ಟಮ್ ಆಟೋ ನಿಲ್ಲಿಸಿ ಬಂದು "ಅವನ ಹೆಣಾ ಎತ್ಲಿ, ಬೋರ್ಡ್ ಹರದ ಬರ್ತೀನಿ" ಎಂದು ಕುಡುಗೋಲು ಹುಡುಕತೊಡಗಿದ. ಅವಳು ತಡೆದಳು.

"ಹರದ್ರ ಪೊಲೀಸ್ನವ್ರು ನಿನ್ನ ಒಯ್ತಾರ. ನೀ ಈಗ ಸತ್ತಿದಿ, ಸತ್ತಾವ್ರ ಹಂಗ ಸುಮ್ಮ ಇರು. ಸತ್ತಾವ್ರಿಗಿ ಏನ್ ಮಾಡ್ಬೇಕೋ ಅದನ್ನ ನಾ ಮಾಡ್ತೀನಿ."

ಭಾಗಾಬಾಯಿಗೆ ಬೀಡಿ ಕಟ್ಟುವುದಲ್ಲದೆ ಇನ್ನೊಂದು ವಿದ್ಯೆ ಗೊತ್ತಿತ್ತು. ಆ ಕಡೆಯ ಹಳ್ಳಿಗಳಲ್ಲಿ ಹೆಂಗಸರು ಸತ್ತವರ ಮುಂದೆ ಹಾಡಿಕೊಂಡು ಅಳುತ್ತಾರೆ. ಹೋದವರ ಗುಣ, ಕಷ್ಟ, ತಿಂದದ್ದು, ಬಿಟ್ಟದ್ದು ಎಲ್ಲವನ್ನೂ ರಾಗದಲ್ಲಿ ಪೋಣಿಸಿ ಅಳುತ್ತಾರೆ. ಚಪಳಗಾಂವದ ಸುತ್ತ ಹತ್ತು ಹಳ್ಳಿಯಲ್ಲಿ ಭಾಗಾಬಾಯಿಯಂತೆ ಅಳುವವರು ಇರಲಿಲ್ಲ. ಅವಳು ದನಿ ತೆಗೆದರೆ ಆಸ್ತಿಗಾಗಿ ಕಾದು ಕೂತ ಅಳಿಯಂದಿರೂ ಮೂಗು ಒರೆಸಿಕೊಳ್ಳುತ್ತಿದ್ದರು. ಅವಳು ಧೂಳಪ್ಪನಿಗೆ ಫೋನು ಹಚ್ಚಿದಳು.

"ಧೂಳಪ್ಪಾ, ಆಯ್ತವಾರ ಟೆಂಪೋ ತಗೊಂಡ ಅಕ್ಕಲಕೋಟಕ್ಕ ಬಾ. ಹಾರಾನೂ ತಗೊಂಡ ಬಾ. ಈ ಸಲ ಎರಡ."

*

ಸಮಾರಂಭ ನಡೆದ ಅಕ್ಕಲಕೋಟದ ಮಂಗಲ ಕಾರ್ಯಾಲಯದ ವೇದಿಕೆಯ ಹಿಂದೆ ಹನ್ನೆರಡು ಅಡಿಯ ಫ್ಲೆಕ್ಸು. ಅದರಲ್ಲಿ ಸಪನಾಳ ಮುಖ, ಒಂದೊಂದು ಕಣ್ಣೀರೂ ತೆಂಗಿನಕಾಯಿಯಷ್ಟು. ವೇದಿಕೆಯ ಬದಿಯಲ್ಲಿ ಬ್ಯಾಗಿನ ಪೆಟ್ಟಿಗೆಗಳು. ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆ, ಹಣೆಯಲ್ಲಿ ಗಂಧ. ಹಿಂದಿನ ಸಾಲಿನಲ್ಲಿ ವಸ್ತಿಯ ಹೆಂಗಸರು, ಚಪಳಗಾಂವದ ಟೆಂಪೋ ಮಂದಿ, ಕಪ್ಪು ಕನ್ನಡಕ ಹಾಕಿದ ಶಾರದಾಬಾಯಿ. ಅವಳ ಕಣ್ಣಿನ ಆಪರೇಷನ್ ಆಗಿ ಎರಡೇ ದಿನವಾಗಿತ್ತು, ಅಳಬಾರದು ಎಂದು ಡಾಕ್ಟರು ಹೇಳಿದ್ದರು. ಅವಳು ಕೇಳುವ ಪೈಕಿಯಲ್ಲ.

ಲಕ್ಷ್ಮೀಕಾಂತ ಸರ್ ಮೈಕು ಹಿಡಿದರು. ಸಪನಾಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದರು. ಯೋಗಿರಾಜ ಬಾಗಿಲಲ್ಲೇ ಹಳದಿ ಫ್ರಾಕು ಬಿಚ್ಚಿಸಿ ಮಾಸಿದ ಅಂಗಿ ತೊಡಿಸಿದ್ದ. ಸರ್ ಮರಾಠಿಯಲ್ಲಿ, ಗಂಟಲು ಕಟ್ಟಿದವರಂತೆ, ಈ ಕೂಸಿನ ತಾಯಿ ಈಗ ಇಲ್ಲ, ತಂದೆ ಇಲ್ಲ ಎಂದರು.

ಹಿಂದಿನಿಂದ ದನಿ ಎದ್ದಿತು.

"ಎದ್ದ ನೋಡ ನನ್ನ ಕಾಂಚನಾ... ಮಗ್ಗಾ ಬಿಟ್ಟ ಹೋದ್ಯಾ ನನ್ನವ್ವಾ... ದಿನಾ ನೂರ ಟಾವೆಲ್ ನೇಯ್ದಾಕಿ... ನಿನ್ನ ಮಾರಿ ವರಸಾಕ ಒಂದ ಟಾವೆಲ್ ಇಲ್ದಂಗ ಆತಲ್ಲ ನನ್ನವ್ವಾ..."

ಸಭೆ ತಿರುಗಿತು. ಭಾಗಾಬಾಯಿ ನೆಲಕ್ಕೆ ಕೂತು, ಸೆರಗು ತಲೆಗೆ ಹೊದ್ದು, ತೂಗುತ್ತ ಹಾಡುತ್ತಿದ್ದಳು. ಅವಳ ಎದುರು ಎರಡು ಕುರ್ಚಿಯ ಮೇಲೆ ಕಾಂಚನ ಮತ್ತು ಭಗವಂತ ಕೊರಳಲ್ಲಿ ಹಾರ ಹಾಕಿಕೊಂಡು ಕೂತಿದ್ದರು. ಕಾಂಚನ ಇದ್ದುದರಲ್ಲೇ ಹೊಸ ಸೀರೆ ಉಟ್ಟಿದ್ದಳು. ಭಗವಂತ ಗಡ್ಡ ಬೋಳಿಸಿಕೊಂಡು ಬಂದಿದ್ದ.

"ಊರ ಮಂದೀನ ಮನಿಗಿ ಮುಟ್ಟಸ್ದ್ಯಾ ಭಗವಂತಾ... ನೀ ಯಾವ ಮನಿಗಿ ಹೋದ್ಯೋ ನನ್ನ ಮಗನಾ... ಶೆರೆ ಕುಡಿಯೂದ ಬಿಟ್ಟ ಎರಡ ವರ್ಷ ಆಗಿತ್ತಲ್ಲೋ..."

"ಅವ್ವಾ, ಅದ್ಯಾಕ ಹೇಳ್ತಿ!" ಎಂದ ಭಗವಂತ ಮೆಲ್ಲಗೆ.

"ಸುಮ್ಮ ಕುಂದರು. ಸತ್ತಾವ್ರು ಮಾತಾಡಬಾರ್ದು," ಎಂದು ರಾಗ ತಪ್ಪದೆ ಗದರಿಸಿದಳು. "ರೋಗ ಬರ್ಲಿಲ್ಲೋ ಜ್ವರಾ ಬರ್ಲಿಲ್ಲೋ... ದೀಪದ ಮಂದಿ ಬರದ ಒಯ್ದ್ರಲ್ಲೋ ನನ್ನ ಮಕ್ಕಳ್ನಾ..."

ಶಾರದಾಬಾಯಿ ಸೇರಿದಳು. ಚಪಳಗಾಂವದ ಹೆಂಗಸರು ಸೇರಿದರು. ಭಾಷೆ ತಿಳಿಯದ ಮುಂಬೈಯ ಮುದುಕಿಯೊಬ್ಬರು ಎದ್ದು ಬಂದು, ಕಣ್ಣೊರೆಸಿಕೊಳ್ಳುತ್ತ ಹಾರ ಹಾಕಿಕೊಂಡವಳನ್ನೇ "ಕೋಣ ಗೇಲಂ ಬಾಳಾ? ಯಾರು ಹೋದರು?" ಎಂದು ಕೇಳಿದರು.

ಕಾಂಚನ ಎದ್ದು ಕೈ ಮುಗಿದಳು. ಮರಾಠಿಯಲ್ಲಿ, ಸ್ಪಷ್ಟವಾಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು. "ನಮಸ್ಕಾರ ಆಜಿ. ಹೋದವಳು ನಾನೇ. ಆ ಹುಡುಗಿಯ ತಾಯಿ. ಇವರು ಅವಳ ತಂದೆ, ಇವರೂ ಹೋಗಿದ್ದಾರೆ."

ಮುಂದಿನ ಸಾಲಿನಲ್ಲಿ ಯಾರೋ ಫಕ್ಕನೆ ನಕ್ಕರು. ಇನ್ಯಾರೋ ಫ್ಲೆಕ್ಸಿನ ಕಡೆಗೂ ಕಾಂಚನಳ ಕಡೆಗೂ ನೋಡತೊಡಗಿದರು. ಮೂಗು ಇಬ್ಬರದೂ ಒಂದೇ.

"ಯಾವ ಸೂಳಿಮಗ ಇವರ್ನ ಒಳಗ ಬಿಟ್ಟಾನ!" ಲಕ್ಷ್ಮೀಕಾಂತ ಸರ್ ಬಾಯಿಂದ ಅಚ್ಚ ಕನ್ನಡ ಬಂತು, ಅದೂ ಮೈಕಿನಲ್ಲಿ. "ಯೋಗಿರಾಜ, ಬ್ಯಾಗ್ ವಾಪಸ್ ಹಾಕು ಗಾಡ್ಯಾಗ! ಒಂದೂ ಕೊಡಬ್ಯಾಡ ಈ ನಾಯಿಗಳಿಗಿ!"

ಪೆಟ್ಟಿಗೆಗಳು ಎದ್ದವು. ರೂಪಾಲಿ ತನ್ನ ಇಬ್ಬರು ಮಕ್ಕಳನ್ನು ನೋಡಿದಳು, ಪೆಟ್ಟಿಗೆ ನೋಡಿದಳು. ಮೊದಲು ಭಾಗಾಬಾಯಿಗೆ ಎರಡು ಬೈದಳು, ನಿಜವಾಗಿಯೂ ಸಿಟ್ಟಿನಿಂದಲೇ ಬೈದಳು. ಆಮೇಲೆ ಸೆರಗು ಮುಖಕ್ಕೆ ಹಾಕಿಕೊಂಡು ಪಕ್ಕದಲ್ಲಿ ಕೂತು ತಾನೂ ದನಿ ತೆಗೆದಳು. ಅವಳ ಅಳು ಸುಳ್ಳಿನದಾಗಿರಲಿಲ್ಲ.

ಭಾಗಾಬಾಯಿ ಎದ್ದಳು. ಮೆಟ್ಟಿಲ ಬಳಿ ಯೋಗಿರಾಜ ಕೈ ಅಡ್ಡ ಹಿಡಿದ.

"ಚಪ್ಪಲ್ ಬಿಟ್ಟ ಹತ್ತು ಮ್ಯಾಲ! ದೀಪಾ ಹಚ್ಚೀವಿ."

"ನಿನ್ನ ಕಾಲಾಗ ಬೂಟ್ ಅದಾವಲ್ಲೋ ಹಾಟ್ಯಾ," ಎಂದು ಭಾಗಾಬಾಯಿ ಚಪ್ಪಲಿ ಪಟಪಟ ಬಡಿಯುತ್ತ ಹತ್ತಿದಳು. ಅವಳ ಅಪ್ಪ ಕಂಕುಳಲ್ಲಿ ಇಟ್ಟುಕೊಂಡು ನಡೆದ ಚಪ್ಪಲಿಗಳೆಲ್ಲ ಆ ಸದ್ದಿನಲ್ಲಿ ಇದ್ದವು.

ಕುರ್ಚಿಯೊಂದನ್ನು ಫ್ಲೆಕ್ಸಿನ ಪಕ್ಕಕ್ಕೆ ಎಳೆದು ಹತ್ತಿ ನಿಂತಳು. ಅತಿಥಿಗಳಿಗೆಂದು ಇಟ್ಟಿದ್ದ ಬಾಟಲಿಯ ನೀರಿನಲ್ಲಿ ಸೆರಗು ತೋಯಿಸಿ, ಅಷ್ಟು ದೊಡ್ಡ ಮುಖದ ಕೆನ್ನೆಯನ್ನು ಒದ್ದೆ ಮಾಡಿದಳು. ಸೊಂಟದ ಚೀಲದಿಂದ ಪೌಡರ್ ಡಬ್ಬಿ ತೆಗೆದು, ಅಂಗೈಗೆ ಸುರಿದುಕೊಂಡು, ಆ ಮಸಿಯ ಮೇಲೆ, ಆ ಕಣ್ಣೀರಿನ ಮೇಲೆ ಬಳಿಯತೊಡಗಿದಳು. ಒಂದು ಕೆನ್ನೆ ಬೆಳ್ಳಗಾಯಿತು. ಡಬ್ಬಿ ಖಾಲಿಯಾಗುವವರೆಗೆ ಬಿಡಲಿಲ್ಲ. ಪೌಡರಿನ ಧೂಳಿಗೆ ಲಕ್ಷ್ಮೀಕಾಂತ ಸರ್ ಮೂರು ಸಲ ಸೀನಿದರು.

ಸಪನಾ ಮಾಸಿದ ಅಂಗಿಯಲ್ಲಿ ನಿಂತು ಆಜಿಯನ್ನೇ ನೋಡುತ್ತಿದ್ದಳು. ಆಮೇಲೆ ನಡೆದು ಹೋಗಿ ಯೋಗಿರಾಜನ ಮುಂದೆ ಕೈ ಚಾಚಿದಳು.

"ನನ್ನ ರಿಬ್ಬನ್ ಕೊಡ್ರಿ."

ಅವನ ಕಂಕುಳಲ್ಲಿ ಫೈಲು ಇತ್ತು. ಅವನು ಹಿಂದೆ ಸರಿದ. ಅವಳು ರಿಬ್ಬನ್ನಿನ ತುದಿ ಹಿಡಿದು ಎಳೆದಳು. ಗಂಟು ಬಿಚ್ಚಿತು. ಹದಿನಾಲ್ಕು ಹೆಬ್ಬೆಟ್ಟುಗಳು ವೇದಿಕೆಯ ತುಂಬ ಹರಡಿ ಬಿದ್ದವು. ಫ್ಯಾನಿನ ಗಾಳಿಗೆ ಒಂದೆರಡು ಹಾರಿ ಹಿಂದಿನ ಸಾಲಿನವರೆಗೆ ಹೋದವು. ಹೊರಗೆ ಬ್ಯಾಗಿನ ಗಾಡಿ ಚಾಲೂ ಆದ ಸದ್ದು ಕೇಳಿಸಿತು.

ಸಪನಾ ರಿಬ್ಬನ್ ಹಿಡಿದು ಇಳಿದು ಹೋಗಿ, ಸತ್ತವಳ ಮುಂದೆ ಬೆನ್ನು ತಿರುಗಿಸಿ ಕೂತಳು. ಕಾಂಚನ ಕೊರಳಿನ ಹಾರವನ್ನು ಬದಿಗೆ ಸರಿಸಿ ಜಡೆ ಬಿಚ್ಚಿದಳು.

ಕುನಾಲ ಯಾವಾಗಲೋ ಹತ್ತಿರ ಬಂದಿದ್ದ. ರೂಢಿಯಂತೆ ಅವನ ಕೈ ಕ್ಯಾಮೆರಾ ಎತ್ತಿತು. ಸಪನಾ ತಿರುಗದೆ, ಅಂಗೈಯೊಂದನ್ನು ಮಾತ್ರ ಅವನ ಕಡೆ ಎತ್ತಿ ಹಿಡಿದಳು.

"ಥಾಂಬಾ, ಮಾಮಾ. ತಡೀರಿ. ನಮ್ಮವ್ವ ರಿಬ್ಬನ್ ಕಟ್ಟಾಕತ್ತಾಳ."